ಒಂಬತ್ತನೇ ತರಗತಿ ಮಕ್ಕಳ ಬೀಡು ಎರಕದ ಕಾರ್ಯಾಗಾರ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಜನವರಿಯಲ್ಲಿ ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಬೀಡು ಕಬ್ಬಿಣದಲ್ಲಿ, ಅಂದರೆ ಕಾಸ್ಟ್ ಐರನ್ನಿನಲ್ಲಿ, ಉಬ್ಬುಶಿಲ್ಪ ಮಾಡಲಿದ್ದಾರೆ. ಸುದ್ದಿ ಈಗಾಗಲೇ ನಿಮ್ಮ ಮನೆ ತಲುಪಿದೆ ಅಂತ ಗೊತ್ತು. "ಕಾದ ಕಬ್ಬಿಣದ ಹತ್ತಿರ ಮಕ್ಕಳನ್ನ ಬಿಡ್ತೀರಾ ಮೇಡಂ?" ಎಂದು ಗೇಟಿನಲ್ಲೇ ಕೆಲವರು ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ ಅದು. ಹಾಗಾಗಿ ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ.

ಕರಗಿದ ಕಬ್ಬಿಣವನ್ನು ಮಕ್ಕಳು ಎತ್ತುವುದಿಲ್ಲ, ಹೊಯ್ಯುವುದಿಲ್ಲ, ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ನುರಿತವರ ಕೆಲಸ. 18 ತುಂಬದವರನ್ನು ಅಂಥ ಅಪಾಯದ ಕೆಲಸಕ್ಕೆ ಹಚ್ಚಲು ಕಾನೂನೂ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ಮಕ್ಕಳದ್ದು ಅಚ್ಚಿನ ಕೆಲಸ. ಅದು ನಮ್ಮ ಶಾಲೆಯ ಚಿತ್ರಕಲೆ ಕೊಠಡಿಯಲ್ಲಿ ನಡೆಯುತ್ತದೆ. ಎರಕ ಹೊಯ್ಯುವ ದಿನ ಮಾತ್ರ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಹಳದಿ ಗೆರೆಯ ಹಿಂದೆ ನಿಂತು ನೋಡುತ್ತಾರೆ, ಅಷ್ಟೇ.

ಇನ್ನು ಅಚ್ಚಿನ ವಿಷಯ. ಪ್ರತಿ ಮಗುವಿಗೂ ಗಟ್ಟಿ ಮರಳಿನ ಒಂದು ಬ್ಲಾಕ್ ಕೊಡುತ್ತೇವೆ. ಅಂಚಿನಲ್ಲಿ ಕಟ್ಟೆ ಇರುತ್ತದೆ, ನಡುವೆ ಆರು ಇಂಚು ಉದ್ದ, ಆರು ಇಂಚು ಅಗಲದ ತಗ್ಗು. ಮರಳು ಗಟ್ಟಿಯಾಗಲು ಅದಕ್ಕೆ ಸೋಡಿಯಂ ಸಿಲಿಕೇಟ್ ಬೆರೆಸಿ, ಇಂಗಾಲದ ಡೈಆಕ್ಸೈಡ್ ಅನಿಲ ಹಾಯಿಸಿರುತ್ತಾರೆ. ಫೌಂಡ್ರಿಯವರ ಬಾಯಲ್ಲಿ ಇದು 'ಸಿಓಟು ಸ್ಯಾಂಡ್'. ಕೆಲವು ಕಡೆ ರೆಸಿನ್ ಎಂಬ ರಾಸಾಯನಿಕ ಅಂಟು ಬೆರೆಸಿದ ಮರಳನ್ನೂ ಬಳಸುತ್ತಾರೆ. ಅದರ ವಾಸನೆ ಜಾಸ್ತಿ, ಮಕ್ಕಳ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಥರ್ಮಾಕೋಲ್ ಮಾದರಿಯನ್ನು ಮರಳಲ್ಲಿ ಹೂತು, ಅದರ ಮೇಲೇ ಲೋಹ ಹೊಯ್ಯುವ ವಿಧಾನವೂ ಉಂಟು. ನೋಡಲು ಮಜವಾಗಿರುತ್ತದೆ, ಆದರೆ ಥರ್ಮಾಕೋಲ್ ಉರಿದಾಗ ಬರುವ ಹೊಗೆ ಒಳ್ಳೆಯದಲ್ಲ. ಅದನ್ನೂ ಬಿಟ್ಟಿದ್ದೇವೆ.

ಈ ಬ್ಲಾಕಿನ ಮೇಲೆ ಮಕ್ಕಳು ಮೊಳೆ, ಹಳೆಯ ಸ್ಕ್ರೂಡ್ರೈವರ್, ಚಮಚದ ಹಿಡಿ ಹಿಡಿದು ಕೆರೆಯುತ್ತಾರೆ. ಕೆರೆದು ತಗ್ಗು ಮಾಡಿದ ಜಾಗಕ್ಕೆ ಕಬ್ಬಿಣ ಇಳಿಯುತ್ತದೆ, ಆಮೇಲೆ ಅದೇ ಉಬ್ಬಾಗಿ ಕಾಣುತ್ತದೆ. ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನದ ಗೋಡೆ ನೋಡಿದ್ದೀರಲ್ಲ, ಅಲ್ಲಿ ಶಿಲ್ಪಿ ಬೇಡದ ಕಲ್ಲನ್ನು ತೆಗೆದ, ಉಳಿದದ್ದು ಮೂರ್ತಿಯಾಯಿತು. ಇಲ್ಲಿ ತೆಗೆದದ್ದೇ ಮೂರ್ತಿ. ಮಕ್ಕಳ ತಲೆಗೆ ಇದು ಬೇಗ ಹತ್ತುವುದಿಲ್ಲ. ಮೂಗು ಮುಂದೆ ಬರಬೇಕಾದರೆ ಎಲ್ಲಕ್ಕಿಂತ ಆಳವಾಗಿ ಕೆರೆಯಬೇಕಾದ್ದು ಮೂಗನ್ನೇ. ಹೆಸರು ಬರೆಯುವುದಾದರೆ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಬರೆಯಬೇಕು. ಅದಕ್ಕೆ ಸುಲಭದ ದಾರಿ ಇದೆ: ಟ್ರೇಸಿಂಗ್ ಕಾಗದದ ಮೇಲೆ ಬರೆದು, ಕಾಗದ ಮಗುಚಿ ಹಾಕಿ ತಿದ್ದುವುದು. ಆದರೆ ಮೊದಲ ದಿನ ಇದನ್ನು ಹೇಳಿಕೊಡಬೇಡಿ ಎಂದು ಚಿತ್ರಕಲೆ ಮಾಸ್ತರಿಗೆ ನಾನೇ ಹೇಳಿದ್ದೇನೆ. ಒಂದಷ್ಟು ಹೊತ್ತು ಅವರೇ ಒದ್ದಾಡಲಿ.

ತೀರಾ ಸಣ್ಣ ಗೆರೆ ಕೆರೆದರೆ ಕಬ್ಬಿಣ ಅದರೊಳಗೆ ಇಳಿಯುವ ಮೊದಲೇ ತಣ್ಣಗಾಗುತ್ತದೆ. ತೆಳ್ಳಗಿನ ಭಾಗ ಬೇಗ ಆರಿದರೆ ಇನ್ನೊಂದು ತೊಂದರೆ. ಬೀಡಿನಲ್ಲಿ ಸುಮಾರು ಶೇಕಡ 2ರಿಂದ 4ರಷ್ಟು ಇಂಗಾಲ ಇರುತ್ತದೆ. ನಿಧಾನವಾಗಿ ಆರಿದರೆ ಆ ಇಂಗಾಲದಲ್ಲಿ ಹೆಚ್ಚಿನ ಪಾಲು ಗ್ರಾಫೈಟ್ ಪದರಗಳಾಗಿ ಕೂರುತ್ತದೆ. ಒಡೆದು ನೋಡಿದರೆ ಒಳಗೆ ಬೂದು ಬಣ್ಣ. ಥಟ್ಟನೆ ಆರಿದರೆ ಅದು ಕಬ್ಬಿಣದ ಜೊತೆಗೇ ಕಾರ್ಬೈಡ್ ಆಗಿ ಸೇರಿಕೊಳ್ಳುತ್ತದೆ. ಆಗ ಒಳಗೆ ಬೆಳ್ಳಗೆ, ಬಲು ಗಟ್ಟಿ, ಆದರೆ ಪಿಂಗಾಣಿಯ ಹಾಗೆ ಒಡೆಯುತ್ತದೆ. ಒಂದೇ ಲೋಹ, ಆರುವ ವೇಗ ಬೇರೆ, ಗುಣವೇ ಬೇರೆ. ನಮ್ಮ ವಿಜ್ಞಾನದ ಟೀಚರ್ ಎರಡೂ ಬಗೆಯ ತುಂಡುಗಳನ್ನು ಫೌಂಡ್ರಿಯಿಂದ ತರಿಸಿದ್ದಾರೆ. ಗಣಿತದವರಿಗೂ ಪಾಲು ಸಿಕ್ಕಿದೆ. ಬೀಡು ಆರುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನ್ (ಅಚ್ಚು ತೆಗೆಯಲು ಬಳಸುವ ಮಾದರಿ) ಮಾಡುವವರ ಅಳತೆಪಟ್ಟಿ ಮಾಮೂಲಿ ಸ್ಕೇಲಿಗಿಂತ ಒಂಚೂರು ಉದ್ದ ಇರುತ್ತದೆ. ಮಕ್ಕಳ ಆರು ಇಂಚಿನ ಬಿಲ್ಲೆ, ಅಂದರೆ ಅಚ್ಚಿನಲ್ಲಿ ಎರಕವಾದ ಕಬ್ಬಿಣದ ಫಲಕ, ಸುಮಾರು ಒಂದೂವರೆ ಮಿಲಿಮೀಟರ್ ಚಿಕ್ಕದಾಗಿ ಹೊರಗೆ ಬರಬೇಕು. ಅಳೆದು ನೋಡುತ್ತಾರೆ.

"ಮಣ್ಣಲ್ಲೇ ಮಾಡಿಸಬಹುದಿತ್ತಲ್ಲ" ಎಂದೂ ಒಬ್ಬರು ಕೇಳಿದರು. ಮಣ್ಣಿನ ಕೆಲಸ ನಾವು ಪ್ರತಿ ವರ್ಷ ಮಾಡಿಸುತ್ತೇವೆ, ಮುಂದೆಯೂ ಮಾಡಿಸುತ್ತೇವೆ. ಆದರೆ ಇದು ಭದ್ರಾವತಿ. 1918ರಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ನಿಮ್ಮಲ್ಲಿ ಎಷ್ಟೋ ಜನರ ಅಜ್ಜಂದಿರು ಅಲ್ಲಿ ಪಾಳಿಯಲ್ಲಿ ದುಡಿದವರು. ಅದರ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಂಡ ಮನೆಗಳು ನಿಮ್ಮವು. ಈಗಿನ ಮಕ್ಕಳಿಗೆ ಗೊತ್ತಿರುವುದು ಕಾರ್ಖಾನೆಯ ಕಾಂಪೌಂಡು ಮಾತ್ರ. ಕಬ್ಬಿಣ ಹೇಗೆ ಹರಿಯುತ್ತದೆ, ಯಾವ ಬಣ್ಣಕ್ಕೆ ತಿರುಗುತ್ತದೆ, ಆರಿದ ಮೇಲೆ ಎಷ್ಟು ಭಾರ ಎಂದು ಈ ಊರಿನ ಮಗುವಿಗೇ ಗೊತ್ತಿಲ್ಲದಿದ್ದರೆ ಹೇಗೆ? ನನ್ನ ತಲೆಯಲ್ಲಿರುವುದು ಇಷ್ಟೇ. ಇವರನ್ನೆಲ್ಲ ಶಿಲ್ಪಿಗಳನ್ನಾಗಿ ಮಾಡುವ ಆಸೆ ನನಗಿಲ್ಲ.

ಬೀಡಿನಲ್ಲಿ ಶಿಲ್ಪವೇ ಎಂದು ಆಶ್ಚರ್ಯವಾದರೆ, ಅದು ಹೊಸದೇನೂ ಅಲ್ಲ. ಚೀನಾದ ಕ್ಯಾಂಗ್‌ಝೌನಲ್ಲಿ 953ರಲ್ಲಿ ಎರಕ ಹೊಯ್ದ ದೊಡ್ಡ ಕಬ್ಬಿಣದ ಸಿಂಹ ಇಂದಿಗೂ ನಿಂತಿದೆ. ಅಮೆರಿಕದ ಅಲಬಾಮಾದಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ಊರಿದೆ. ನಮ್ಮೂರಿನ ಹಾಗೇ ಕಬ್ಬಿಣದಿಂದ ಬೆಳೆದ ಊರು. 1904ರ ಸೇಂಟ್ ಲೂಯಿಸ್ ವಿಶ್ವಮೇಳಕ್ಕೆ ತಮ್ಮೂರಿನ ಕಬ್ಬಿಣ ಎಂಥದ್ದು ಅಂತ ತೋರಿಸಲು ಅವರು ವಲ್ಕನ್ ಎಂಬ ರೋಮನ್ ಕಮ್ಮಾರ ದೇವತೆಯ 56 ಅಡಿ ಎತ್ತರದ ಬೀಡಿನ ಪ್ರತಿಮೆ ಮಾಡಿಸಿದರು. ಶಿಲ್ಪಿ ಇಟಲಿಯ ಜುಸೆಪ್ಪೆ ಮೊರೆಟ್ಟಿ. ಅದೇ ಊರಿನ ಸ್ಲಾಸ್ ಕುಲುಮೆಗಳು 1970ರ ಹೊತ್ತಿಗೆ ತಣ್ಣಗಾದವು. ಗುಜರಿಗೆ ಹಾಕಲಿಲ್ಲ, ವಸ್ತುಸಂಗ್ರಹಾಲಯ ಮಾಡಿದರು. ಈಗ ಅಲ್ಲಿ ಕಲಾವಿದರು ಬೀಡು ಎರಕ ಹೊಯ್ಯುತ್ತಾರೆ, ಕಲಿಯಲು ಬಂದವರು ಇದೇ ಥರದ ಮರಳಿನ ಬ್ಲಾಕ್ ಕೆರೆಯುತ್ತಾರೆ. ನಮ್ಮ ಕಾರ್ಯಾಗಾರಕ್ಕೆ ಆ ಮಾದರಿ ಕಣ್ಣ ಮುಂದಿತ್ತು.

ಇನ್ನು ಎರಕದ ದಿನ. ಇದನ್ನು ದಯವಿಟ್ಟು ಪೂರ್ತಿ ಓದಿ.

ಬೀಡನ್ನು ಹೊಯ್ಯುವಾಗ ಅದರ ಬಿಸಿ ಸುಮಾರು 1,350 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದಕ್ಕೆ ದೊಡ್ಡ ಶತ್ರು ನೀರು. ಕರಗಿದ ಲೋಹದ ಕೆಳಗೆ ಒಂದು ಚೂರು ನೀರು ಸಿಕ್ಕಿಕೊಂಡರೂ ಅದು ಕ್ಷಣದಲ್ಲಿ ಹಬೆಯಾಗಿ ಸಾವಿರದಾರುನೂರು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ, ಲೋಹ ಸಿಡಿಯುತ್ತದೆ. ಬರೀ ಕಾಂಕ್ರೀಟ್ ನೆಲದ ಮೇಲೆ ಚೆಲ್ಲಿದರೂ ಹೀಗಾಗಬಹುದು, ಯಾಕೆಂದರೆ ಕಾಂಕ್ರೀಟಿನ ಒಳಗೂ ತೇವ ಇರುತ್ತದೆ. ಅದಕ್ಕೇ ಎರಕ ಹೊಯ್ಯುವ ಜಾಗದಲ್ಲಿ ಒಣ ಮರಳು ಹಾಸಿರುತ್ತಾರೆ. ಅಚ್ಚುಗಳನ್ನೂ ಲೇಡಲನ್ನೂ (ಕರಗಿದ ಲೋಹ ಹೊಯ್ಯುವ ಪಾತ್ರೆ) ಮೊದಲೇ ಕಾಯಿಸಿ ಒಣಗಿಸಿರುತ್ತಾರೆ. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ, ಅದಕ್ಕೇ ಈ ಕೆಲಸ ಜನವರಿಗೆ ಇಟ್ಟುಕೊಂಡದ್ದು. ನೀರಿನ ಬಾಟಲಿಗಳು ಬಸ್ಸಿನಲ್ಲೇ ಉಳಿಯುತ್ತವೆ. ಬಾಯಾರಿದವರಿಗೆ ಹೊರಗೆ ಬಂದು ಕುಡಿಯಲು ಬಿಡುತ್ತೇವೆ.

ಆ ದಿನ ಯೂನಿಫಾರ್ಮ್ ಬೇಡ. ನಮ್ಮ ಯೂನಿಫಾರ್ಮಿನಲ್ಲಿ ಪಾಲಿಯೆಸ್ಟರ್ ಬೆರೆತಿದೆ. ಕಿಡಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ತುಂಬು ತೋಳಿನ ಹತ್ತಿ ಬಟ್ಟೆ ಹಾಕಿ ಕಳಿಸಿ, ಹಳೆಯದಾದರೂ ಪರವಾಗಿಲ್ಲ. ಹುಡುಗಿಯರು ಜಡೆ ಮೇಲಕ್ಕೆ ಕಟ್ಟಲಿ, ದುಪಟ್ಟಾ ಬೇಡ. ಕಾಲು ಪೂರ್ತಿ ಮುಚ್ಚುವ ಶೂ ಬೇಕೇ ಬೇಕು. ಪ್ಯಾಂಟಿನ ತುದಿ ಶೂ ಒಳಗೆ ತುರುಕಬಾರದು, ಹೊರಗೆ ಇಳಿಬಿದ್ದಿರಬೇಕು. ಹೊಸ ಶೂ ಕೊಳ್ಳಲು ಹೋಗಬೇಡಿ. ಇಲ್ಲದವರು ಸುಮ್ನೆ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿ, ವ್ಯವಸ್ಥೆ ಮಾಡುತ್ತೇನೆ. ಕಣ್ಣಿನ ರಕ್ಷಣೆಯ ಕನ್ನಡಕ ಶಾಲೆಯಿಂದಲೇ ಕೊಡುತ್ತೇವೆ.

ಎಲ್ಲರೂ ಬೆಂಕಿಗೆ ಹೆದರುತ್ತಾರೆ, ನನಗೆ ಧೂಳಿನ ಚಿಂತೆ ಅದಕ್ಕಿಂತ ಜಾಸ್ತಿ. ಮರಳಿನ ನಯವಾದ ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಕೆಲವು ದಿನ ಕೆರೆದ ಮಾತ್ರಕ್ಕೆ ಅಂಥದ್ದೇನೂ ಆಗುವುದಿಲ್ಲ. ಆದರೂ ಶಿಸ್ತು ಮೊದಲ ದಿನದಿಂದಲೇ ಬೇಕು. ಕೆರೆಯುವಾಗ ಎನ್-95 ಮಾಸ್ಕ್ ಕಡ್ಡಾಯ. ಧೂಳನ್ನು ಬಾಯಿಂದ ಊದುವಂತಿಲ್ಲ, ಬ್ರಷ್ಷಿನಿಂದ ಮೆಲ್ಲಗೆ ತೆಗೆಯಬೇಕು. ಕೊಠಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ, ಗುಡಿಸುವುದಿಲ್ಲ. ಅಸ್ತಮಾ ಇರುವ ಮಕ್ಕಳ ಪೋಷಕರು ನನ್ನನ್ನು ಬಂದು ನೋಡಿ. ಅವರಿಗೆ ಬೇರೆ ಕೆಲಸ ಇದೆ: ಚಿತ್ರ ಬಿಡಿಸುವುದು, ಅಳತೆ, ತೂಕದ ಲೆಕ್ಕ, ಫೋಟೋ. ಯಾರನ್ನೂ ಹೊರಗೆ ಕೂರಿಸುವುದಿಲ್ಲ.

ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, ಈಗ ಇದೆಲ್ಲ ಬೇಕಾ ಎನ್ನುವವರಿಗೆ ಒಂದೇ ಮಾತು. ಮುಂದಿನ ವರ್ಷ ಇದಕ್ಕೆ ಪುರುಸೊತ್ತು ಸಿಗುವುದಿಲ್ಲ ಅಂತಲೇ ಈ ವರ್ಷ ಮಾಡುತ್ತಿರುವುದು. ಪಾಠದ ಪೀರಿಯಡ್ ಯಾವುದನ್ನೂ ಇದಕ್ಕೆ ತೆಗೆದುಕೊಂಡಿಲ್ಲ. ಚಿತ್ರಕಲೆಯ ಅವಧಿ ಮತ್ತು ಶನಿವಾರದ ಕೊನೆಯ ಹೊತ್ತು ಸಾಕಾಗುತ್ತದೆ.

ನಿಮ್ಮಿಂದ ದುಡ್ಡು ಕೇಳುತ್ತಿಲ್ಲ. ಬೇರೆ ಎರಡು ಸಹಾಯ ಬೇಕು. ಮನೆಯಲ್ಲಿ ಒಡೆದ ಬೀಡಿನ ಸಾಮಾನು ಇದ್ದರೆ ಕಳಿಸಿ: ಬಾವಿಯ ರಾಟೆ, ಹೊಲಿಗೆ ಮಷಿನ್ನಿನ ಕಾಲು, ತಕ್ಕಡಿಯ ಹಳೆಯ ತೂಕದ ಬಟ್ಟು. ಫೌಂಡ್ರಿಯವರು ಪರೀಕ್ಷಿಸಿ, ಸರಿ ಎನಿಸಿದ್ದನ್ನು ಮಾತ್ರ ಕುಲುಮೆಗೆ ಹಾಕುತ್ತಾರೆ. ತಗಡಿನ ಶೀಟು, ಡಬ್ಬಿ, ಬಾಯಿ ಮುಚ್ಚಿದ ಪೈಪು ಬೇಡವೇ ಬೇಡ. ಸತು ಲೇಪಿಸಿದ ತಗಡು ಕೆಟ್ಟ ಹೊಗೆ ಬಿಡುತ್ತದೆ, ಮುಚ್ಚಿದ ಪೈಪು ಸಿಡಿಯಬಹುದು. ಎರಡನೆಯದು, ನಿಮ್ಮ ಮನೆಯಲ್ಲಿ ಪ್ಯಾಟರ್ನ್ ಶಾಪಿನಲ್ಲೋ ಫೌಂಡ್ರಿಯಲ್ಲೋ ಕೆಲಸ ಮಾಡಿ ನಿವೃತ್ತರಾದ ಹಿರಿಯರಿದ್ದರೆ ಒಂದು ಶನಿವಾರ ಶಾಲೆಗೆ ಕರೆತನ್ನಿ. ಭಾಷಣ ಬೇಡ. ಮಕ್ಕಳ ಪಕ್ಕ ಕೂತು ಅವರ ಬ್ಲಾಕ್ ನೋಡಿ "ಇಲ್ಲಿ ಕಬ್ಬಿಣ ಹೋಗಲ್ಲ ಮರಿ" ಎಂದು ಹೇಳಿದರೆ ಸಾಕು.

ಬಿಲ್ಲೆ ಮನೆಗೆ ಬಂದಾಗ ಸುಮಾರು 2 ಕೆಜಿ ಇರುತ್ತದೆ. ಹಿಂಬದಿ ಒರಟಾಗಿರುತ್ತದೆ, ಅದು ಹಾಗೇ ಇರಬೇಕಾದ್ದು. ಕೆಲವರ ಚಿತ್ರದಲ್ಲಿ ತೂತು ಬೀಳಬಹುದು, ಮೂಲೆ ತುಂಬದೇ ಹೋಗಬಹುದು. ದಯವಿಟ್ಟು ಪಕ್ಕದ ಮನೆ ಮಗುವಿನ ಬಿಲ್ಲೆಯ ಜೊತೆ ಹೋಲಿಸಬೇಡಿ. ತುಕ್ಕು ಹಿಡಿಯದಂತೆ ಬಿಸಿ ಮಾಡಿ ಅಗಸೆ ಎಣ್ಣೆ ಒರೆಸಿಯೇ ಕೊಡುತ್ತೇವೆ. ಮಳೆಗಾಲದಲ್ಲಿ ಮತ್ತೆ ಕೆಂಪಾದರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಇನ್ನೊಮ್ಮೆ ಎಣ್ಣೆ ಹಚ್ಚಿ. ಎತ್ತರದಿಂದ ಬೀಳಿಸಬೇಡಿ. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಕಾಲ ಮೇಲೆ ಬಿದ್ದರೆ ಕಾಲೂ ಅಷ್ಟೇ.

ಒಪ್ಪಿಗೆ ಚೀಟಿ ಇದರ ಜೊತೆಗಿದೆ. ಡಿಸೆಂಬರ್ 20ರೊಳಗೆ ತಂದೆ, ತಾಯಿ ಅಥವಾ ಮನೆಯ ಹಿರಿಯರು ಸಹಿ ಮಾಡಿ ಕಳಿಸಿ. ಮನಸ್ಸು ಒಪ್ಪದಿದ್ದರೆ 'ಬೇಡ' ಎಂದೇ ಬರೆಯಿರಿ, ಕಾರಣ ಕೇಳುವುದಿಲ್ಲ. ಫೌಂಡ್ರಿಯನ್ನು ಮೊದಲೇ ನೋಡಬೇಕೆನ್ನುವ ಪೋಷಕರನ್ನು ಅದಕ್ಕೂ ಮುಂಚಿನ ಒಂದು ಶನಿವಾರ ನಾನೇ ಕರೆದುಕೊಂಡು ಹೋಗುತ್ತೇನೆ. ಚೀಟಿಯ ಹಿಂದೆ ನಿಮ್ಮ ಹೆಸರು ಬರೆದು ಕಳಿಸಿ. ಹತ್ತಿ ಬಟ್ಟೆ, ಮುಚ್ಚಿದ ಶೂ ನಿಯಮ ನಿಮಗೂ ಇದೆ.

ಇಂತಿ,
ಮುಖ್ಯ ಶಿಕ್ಷಕಿ