ಬಿದ್ದುಹೋದ ಹನ್ನೊಂದನೆಯ ಅಂಕಿ

ಪ್ರೀತಿಯ ಪುಟ್ಟಿ,

111111ನ್ನು ಅದರಿಂದಲೇ ಗುಣಿಸಿದರೆ ನಿನ್ನ ಕ್ಯಾಲ್ಕುಲೇಟರ್ 1.234565432 ಎಂದು ತೋರಿಸಿ, ಪಕ್ಕದಲ್ಲಿ ಹತ್ತರ ಘಾತ ಹತ್ತು ಎಂದು ಹಾಕಿತು ಅಂದೆಯಲ್ಲ, ಅದೇ ನಿನ್ನೆಯಿಂದ ತಲೆಯಲ್ಲಿದೆ. ಅದರ ಪರದೆಯಲ್ಲಿ ಹತ್ತೇ ಅಂಕಿಗೆ ಜಾಗ. ಕೊನೆಯ 1 ಬಿದ್ದುಹೋಗಿದೆ ಕಣೆ! ಪೂರ್ತಿ ಉತ್ತರ 12345654321. 'ನವಜೀವನ' ಎಂಬ ಪದದ ಹಾಗೆ ಯಾವ ಕಡೆಯಿಂದ ಓದಿದರೂ ಒಂದೇ. ಆ ಕೊನೆಯ 1 ಇಲ್ಲದಿದ್ದರೆ ಹಾರಕ್ಕೆ ಕೊಂಡಿಯೇ ಇಲ್ಲದಂತೆ.

ಈಗ ಚೌಕುಳಿ ಹಾಳೆಯ ಮೇಲೆ ಕೈಯಲ್ಲೇ ಗುಣಿಸು. 111111 ಆರು ಸಲ ಬರುತ್ತದೆ, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಬಲತುದಿಯ ಕಂಬದಲ್ಲಿ ಒಂದೇ 1, ಅದರ ಪಕ್ಕದಲ್ಲಿ ಎರಡು, ನಡುವಿನ ಕಂಬದಲ್ಲಿ ಆರು, ಆಮೇಲೆ ಮತ್ತೆ ಇಳಿಕೆ. ಕೂಡಿದರೆ ಮೆಟ್ಟಿಲು ತಾನಾಗಿಯೇ ಮೂಡುತ್ತದೆ. ಹಾಳೆಯಲ್ಲಿರುವ ಒಂದುಗಳು ಒಟ್ಟು ಮೂವತ್ತಾರು. ಉತ್ತರದ ಅಂಕಿಗಳನ್ನು ಕೂಡಿದರೂ ಮೂವತ್ತಾರೇ.

ಈ ಸಂಖ್ಯೆ ನಮ್ಮ ನಾಡಿಗೆ ಹೊಸದಲ್ಲ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಮಾನ್ಯಖೇಟದಿಂದ ಆಳುತ್ತಿದ್ದ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಹಾರದಂತೆ ಕಾಣುವ ಉತ್ತರ ಬರುವ ಗುಣಾಕಾರಗಳಿವೆ. 27994681ನ್ನು 441ರಿಂದ ಗುಣಿಸುವುದು ಅವುಗಳಲ್ಲೊಂದು. ಉತ್ತರ ಇದೇ 12345654321: ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆ.

ಆ ಜೋಡಿಯನ್ನು ಬಿಡಿಸಿ ನೋಡಿದಾಗ ನನಗೆ ರೋಮಾಂಚನವಾಯಿತು. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸು, ನಿನ್ನ 111111 ಸಿಗುತ್ತದೆ! ಆಚಾರ್ಯರು ಇದನ್ನು ಕಂಡೇ ಆರಿಸಿರಬೇಕು ಎಂದು ನನ್ನ ನಂಬಿಕೆ.

ಇನ್ನೂ ಒಡೆದರೆ 111111ರಲ್ಲಿ 3, 7, 11, 13, 37 ಎಂಬ ಐದು ಅವಿಭಾಜ್ಯಗಳಿವೆ. ವರ್ಗದಲ್ಲಿ ಒಂದೊಂದೂ ಎರಡು ಸಲ. ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಹಾಗಾಗಿ ಮೂರನ್ನು ಐದು ಸಲ ಗುಣಿಸಿದಷ್ಟು, ಅಂದರೆ 243 ಭಾಜಕಗಳು. ಅದು ಬೆಸ ಏಕೆ ಗೊತ್ತಾ? ಭಾಜಕಗಳೆಲ್ಲ ಜೋಡಿಜೋಡಿಯಾಗಿ ಬರುತ್ತವೆ, 441ಕ್ಕೆ 27994681 ಇದ್ದ ಹಾಗೆ. 111111ಕ್ಕೆ ಮಾತ್ರ ತಾನೇ ಜೋಡಿ.

ಮೆಟ್ಟಿಲು ಒಂಬತ್ತು ಒಂದುಗಳವರೆಗೂ ಸರಿಯಾಗಿ ಏರುತ್ತದೆ: 12345678987654321. ಹತ್ತಕ್ಕೆ ನಡುವಿನ ಕಂಬದಲ್ಲಿ ಹತ್ತಾಗಿ ದಶಕ ಎಡಕ್ಕೆ ಹೋಗುತ್ತದೆ, ಅಲ್ಲಿದ್ದ 9 ಕೂಡ ಹತ್ತಾಗುತ್ತದೆ, ಅದರ ದಶಕ ಇನ್ನೂ ಎಡಕ್ಕೆ. ಉತ್ತರ 1234567900987654321. ಎಡಗಡೆಯಿಂದ ಎಂಟು ಕಾಣೆಯಾಗಿದೆ, ನೋಡಿದೆಯಾ?

ಆಚಾರ್ಯರದೇ ಇನ್ನೊಂದು ಲೆಕ್ಕ ಕೊಡುತ್ತೇನೆ, ಕೈಯಲ್ಲೇ ಮಾಡು: 152207ನ್ನು 73ರಿಂದ ಗುಣಿಸು. ಭಾನುವಾರ ಫೋನ್ ಮಾಡಿದಾಗ ಉತ್ತರ ಹೇಳು.

ನಿನ್ನ
ಅಪ್ಪ