ಓಆರ್‌ಎಸ್ ಕೊಟ್ಟು ಬಂದರೆ ಸಾಲದು

ಎಲ್ಲ ಆಶಾ ಕಾರ್ಯಕರ್ತೆಯರ ಗಮನಕ್ಕೆ. ಭೇದಿಯಾದ ಮಗುವಿಗೆ ನೀರಲ್ಲಿ ಕಲಸಿ ಕುಡಿಸುವ ಪುಡಿ ಓಆರ್‌ಎಸ್; ಪ್ಯಾಕೆಟ್ ಕೊಟ್ಟರೆ ಮುಗಿಯಲಿಲ್ಲ, ಕಲಸೋದನ್ನೂ ಮನೆಯವರಿಗೆ ಕಲಿಸಬೇಕು.

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದು ಶೇ 51.83. ಹಾಗಂತ ಓದು ಬಂದವರಿಗೆಲ್ಲ ಪ್ಯಾಕೆಟ್ ಹಿಂದೆ ಬರೆದದ್ದು ತಿಳಿಯುತ್ತೆ ಅಂದುಕೊಳ್ಳಬೇಡಿ. ಡಿಗ್ರಿ ಮಾಡಿದವರೂ ದೊಡ್ಡ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಸುರಿಯುತ್ತಾರೆ. 20.5 ಗ್ರಾಂ ಪುಡಿಗೆ ಪೂರ್ತಿ 1 ಲೀಟರ್ ನೀರು ಬೇಕು; ಕಡಿಮೆಯಾದರೆ ಉಪ್ಪಿನಂಶ ಏರಿ ಭೇದಿ ಇನ್ನೂ ಜೋರಾಗುತ್ತೆ. 200 ಮಿ.ಲೀ.ಗೆ ಹಾಕುವ ಸಣ್ಣ ಪ್ಯಾಕೆಟ್ಟೂ ಸಿಗುತ್ತೆ, ಗೊಂದಲ ಶುರುವಾಗೋದೇ ಅಲ್ಲಿ.

ನೀವು ಹೋದ ಮನೆಯ ಪಾತ್ರೆಯನ್ನೇ ತರಿಸಿ. ಲೀಟರ್ ಬಾಟಲಿಯಿಂದ ಅಳೆದು ಸುರಿದು, ನೀರು ನಿಂತ ಮಟ್ಟಕ್ಕೆ ಗುರುತು ಹಾಕಿ. ಹಗಲು ಮಗು ನೋಡಿಕೊಳ್ಳುವ ಅಜ್ಜಿಯೂ ಪಕ್ಕದಲ್ಲಿರಲಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಬೇಕು.

"ಗೊತ್ತಾಯ್ತಾ?" ಅಂದರೆ ಎಲ್ಲರೂ "ಹ್ಞೂಂ" ಅಂತಾರೆ, ಆ ಹ್ಞೂಂಗೆ ಬೆಲೆಯಿಲ್ಲ. "ಅಮ್ಮಾ, ಈಗ ನೀವು ಕಲಸಿ ತೋರಿಸಿ" ಅನ್ನಿ. ತಪ್ಪಿದರೆ ನಾವು ಸರಿಯಾಗಿ ಹೇಳಿಲ್ಲ ಅಂತಲೇ ಅರ್ಥ, ಇನ್ನೊಮ್ಮೆ ಹೇಳಿ.

ಭೇದಿಗೆ ಓಆರ್‌ಎಸ್ ಜೊತೆ ಕೊಡುವ ಜಿಂಕ್ ಮಾತ್ರೆ 14 ದಿನ. 2ರಿಂದ 6 ತಿಂಗಳಿನ ಮಗುವಿಗೆ ದಿನಕ್ಕೆ 10 ಮಿ.ಗ್ರಾಂ, ಅದಕ್ಕೂ ದೊಡ್ಡ ಮಕ್ಕಳಿಗೆ 20. ಭೇದಿ ನಿಂತ ಕೂಡಲೇ ಮಾತ್ರೆ ಬಿಡುವವರೇ ಹೆಚ್ಚು. ಓದು ಬಾರದ ಮನೆಯಲ್ಲಿ ಕ್ಯಾಲೆಂಡರ್ ಹಿಂದೆ 14 ಗೆರೆ ಎಳೆದುಕೊಡಿ, ದಿನಕ್ಕೊಂದು ಹೊಡೆದು ಹಾಕಲಿ.