ಹಿಪ್ ಹಾಪ್: ತಂಗಿಗೂ ಪಾಲಿರಲಿ

ಮಾನ್ಯರೇ,

ಅಮೆರಿಕದಲ್ಲಿ ಹುಟ್ಟಿದ ಹಾಡು-ಕುಣಿತದ ಶೈಲಿಯಾದ ಹಿಪ್ ಹಾಪ್ ಎಂದರೆ ಚಿನ್ನದ ಸರ, ದುಬಾರಿ ಕಾರು, ಬೈಗುಳ ಎಂದು ಮೂಗು ಮುರಿಯುವವರು ಅದರ ಹುಟ್ಟನ್ನೂ ತಿಳಿಯಬೇಕು.

1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಪಾರ್ಟಿ ಏರ್ಪಡಿಸಿದಳು. ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆಗೆ ಹಣ ಬೇಕಿತ್ತು, ಅಷ್ಟೇ! ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ ಶುಲ್ಕ. ಸಂಗೀತದ ಹೊಣೆ ಜಮೈಕಾದಲ್ಲಿ ಹುಟ್ಟಿದ ಅಣ್ಣ ಕ್ಲೈವ್‌ನದು. ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು ಅವನೇ. ಹಾಡುಗಾರಿಕೆ ನಿಂತು ಬರೀ ಡ್ರಮ್ ನುಡಿಯುವ ಕೆಲವೇ ಕ್ಷಣಗಳಲ್ಲಿ ಜನ ಹುಚ್ಚೆದ್ದು ಕುಣಿಯುತ್ತಾರೆಂಬುದನ್ನು ಆತ ಗಮನಿಸಿದ್ದ. ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟುಕೊಂಡು, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ನುಡಿಸಿ ಹಿಗ್ಗಿಸಿದ. ‘ಬ್ರೇಕ್’ ಎನ್ನುವ ಆ ತುಣುಕಿಗೆ ಕುಣಿದವರಿಂದ ಬ್ರೇಕ್ ಡಾನ್ಸ್ ಬಂತು. ಕುಣಿಯುವವರನ್ನು ಹುರಿದುಂಬಿಸುವ ಪ್ರಾಸದ ಮಾತು ಬೆಳೆದು ರ್‍ಯಾಪ್ ಆಯಿತು.

ಹೆದ್ದಾರಿಗಾಗಿ ಬಡಾವಣೆಗಳನ್ನೇ ಸೀಳಿಸಿಕೊಂಡಿದ್ದ, ಬೆಂಕಿಗೆ ಮನೆ ಕಳೆದುಕೊಳ್ಳುತ್ತಿದ್ದ ಬಡ ಕಪ್ಪು ಜನರ, ಪೋರ್ಟೊರಿಕೊ ಮೂಲದವರ ಊರದು. ಲಾಭ ಮಾಡಿದ ಕಂಪನಿಗಳು ಬಂದದ್ದು ಆಮೇಲೆ. ವಿಚಿತ್ರವೆಂದರೆ, ಅಣ್ಣನಿಗೆ ಪಿತಾಮಹನ ಪಟ್ಟ ಸಿಕ್ಕಿತು, ಪಾರ್ಟಿ ನಡೆಸಿದ ತಂಗಿಯ ಹೆಸರು ಅನೇಕ ಬರಹಗಳಲ್ಲಿ ಕಾಣುವುದೇ ಇಲ್ಲ.

2018ರಲ್ಲಿ ರ್‍ಯಾಪರ್ ಕೆಂಡ್ರಿಕ್ ಲಮಾರ್‌ಗೆ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ (ಬ್ರೇಕ್ ಡಾನ್ಸ್) ಸ್ಪರ್ಧೆಯೇ ನಡೆಯಿತು. ಕನ್ನಡದಲ್ಲೂ ರ್‍ಯಾಪ್ ಹಾಡುವ ಯುವಕರಿದ್ದಾರೆ. ತಮ್ಮ ಪತ್ರಿಕೆಯ ಸಿನಿಮಾ ಪುರವಣಿ ಅವರ ಸಾಹಿತ್ಯವನ್ನೂ ಗಂಭೀರವಾಗಿ ವಿಮರ್ಶಿಸಲಿ. ಚೆನ್ನಾಗಿಲ್ಲದಿದ್ದರೆ ಹಾಗೆಂದೇ ಬರೆಯಲಿ.

– ಓದುಗ, ಮೈಸೂರು